ಹೊಸ ಲ್ಯಾಪ್‌ಟಾಪಿಗೆ ಸಾಲ ಮಾಡುವ ಮುನ್ನ

ಡೋಣಿಗೆ ನೀರು ಬಂದರೆ ನಮ್ಮ ಸಾರವಾಡದಲ್ಲಿ ಸುದ್ದಿಗೆ ಬರವಿಲ್ಲ. ಅಂಥದ್ದೇ ಒಂದು ಸಂಜೆ ದಂಡೆಯ ಹೊಲಗಳಲ್ಲಿ ನಿಂತ ನೀರಿನ ಫೋಟೊ ತೆಗೆದು, ರೈತರನ್ನು ಮಾತನಾಡಿಸಿ ಮನೆಗೆ ಬಂದೆ. ಲ್ಯಾಪ್‌ಟಾಪ್ ಶುರುವಾಗಲು ಏಳೆಂಟು ನಿಮಿಷ ಹಿಡಿಯಿತು. ನುಡಿ ತೆರೆಯಲು ಇನ್ನೂ ಎರಡು ನಿಮಿಷ. ಫೋಟೊ ಫೋಲ್ಡರ್ ಒತ್ತಿದ್ದೇ ತಡ, ಪರದೆ ಗಪ್ಪಾಯಿತು. ಮತ್ತೆ ಆಫ್, ಮತ್ತೆ ಆನ್. ಸುದ್ದಿ ಮುಟ್ಟುವ ಹೊತ್ತಿಗೆ ಡೆಸ್ಕಿನಿಂದ ಉತ್ತರ ಬಂತು: 'ಪೇಜ್ ಹೋಯ್ತು.'

ಮರುದಿನ ಬೇರೆ ತಾಲ್ಲೂಕಿನ ಬೆಳೆಹಾನಿ ಅಚ್ಚಾಗಿತ್ತು, ನಮ್ಮದು ಇರಲಿಲ್ಲ. ಚಹಾದ ಅಂಗಡಿಯಲ್ಲಿ ಹಿರಿಯರೊಬ್ಬರು ಕೇಳಿದರು, 'ಯಾಕೋ ತಮ್ಮಾ, ನಮ್ಮ ಹೊಲ ಕಾಣ್ಲಿಲ್ಲೇನ ನಿಮ್ಮ ಪೇಪರಿಗೆ?' ನನ್ನ ಬಳಿ ಉತ್ತರ ಇರಲಿಲ್ಲ.

ಮೊಬೈಲಿನಲ್ಲೇ ಬರೆದು ಕಳಿಸಬಹುದಿತ್ತಲ್ಲ ಎನ್ನುತ್ತೀರಿ. ಸಣ್ಣ ಸುದ್ದಿಗೆ ಸರಿ. ಆದರೆ ನಮ್ಮ ಡೆಸ್ಕ್ ಕೇಳುವುದು ನುಡಿ ಫೈಲು.

ವಿಜಯಪುರದ ಅಂಗಡಿಯೊಂದಕ್ಕೆ ಒಯ್ದೆ. ಬಿಚ್ಚಿಯೂ ನೋಡದೆ ಹೇಳಿದರು, 'ಇದರ ಕಥಿ ಮುಗೀತ್ರಿ ಸರ. ಹೊಸಾದ್ ತಗೋರಿ, ಇಎಂಐ ಐತಿ.' ಪ್ರಕಟವಾದ ಸುದ್ದಿಗಿಷ್ಟು ಎಂದು ದುಡ್ಡು ಎಣಿಸುವವನಿಗೆ ಇಎಂಐ ಎಂದರೆ ವರ್ಷಗಟ್ಟಲೆ ಕೊರಳಿಗೆ ಬೀಳುವ ನೊಗ. ರಿಪೇರಿ ಮಾಡುವ ಗೆಳೆಯನೊಬ್ಬ ತಡೆದ: 'ತಡೀಯೋ ದೋಸ್ತ, ಡಿಸ್ಕ್ ಒಂದ ಬದಲಿ ಮಾಡಿ ನೋಡೋಣು.' 256 ಜಿಬಿಯ ಎಸ್‌ಎಸ್‌ಡಿ ಹಾಕಿದ. ಈಗ ಅರ್ಧ ನಿಮಿಷದೊಳಗೆ ಪರದೆ ತೆರೆಯುತ್ತದೆ. ಖರ್ಚು ಆಗ ಎರಡು ಸಾವಿರದೊಳಗೆ ಮುಗಿಯಿತು. ಬೆಲೆಯಲ್ಲಿ ಏರಿಳಿತ ಇರುತ್ತದೆ, ನೀವು ನಾಲ್ಕು ಕಡೆ ವಿಚಾರಿಸಿ.

ಇದರಲ್ಲಿ ಮಂತ್ರವೇನೂ ಇಲ್ಲ. ಹಳೆಯ ಹಾರ್ಡ್ ಡಿಸ್ಕಿನೊಳಗೆ ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆ ಇರುತ್ತದೆ, ಅದರ ಮೇಲೆ ಓದುವ ಕಡ್ಡಿ ಓಡಾಡುತ್ತದೆ. ಐಬಿಎಂ 1956ರಲ್ಲಿ ತಂದ ಮೊದಲ ಡಿಸ್ಕಿನ ತತ್ವವೂ ಇದೇ. ವಿಂಡೋಸ್ ಶುರುವಾಗುವಾಗ ಸಾವಿರಾರು ಸಣ್ಣ ಫೈಲುಗಳನ್ನು ಹುಡುಕಬೇಕು, ಪ್ರತಿ ಸಲವೂ ಕಡ್ಡಿ ಜಾಗ ಬದಲಿಸಬೇಕು, ತಟ್ಟೆ ತಿರುಗಿ ಬರಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವುದು ಯಾವುದೂ ಇಲ್ಲ, ಎಲ್ಲ ಚಿಪ್ಪಿನಲ್ಲೇ. ನಮ್ಮ ಲ್ಯಾಪ್‌ಟಾಪ್ ಮೇಜಿನ ಮೇಲೆ ಇರುವುದಕ್ಕಿಂತ ಬೈಕಿನ ಮೇಲೆ ಇರುವುದೇ ಹೆಚ್ಚು. ತಗ್ಗು ದಿನ್ನಿಯ ರಸ್ತೆಯಲ್ಲಿ ಜಿಗಿಯುವಾಗ ಆ ತಟ್ಟೆ ಕಡ್ಡಿಗೆ ಏನಾಗಬಹುದು, ನೀವೇ ಯೋಚಿಸಿ.

ನಿಮ್ಮದನ್ನು ಪರೀಕ್ಷಿಸಲು ಅಂಗಡಿಗೆ ಹೋಗಬೇಕಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ತೆರೆಯುವ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಎಂಬಲ್ಲಿ ಸದಾ 100 ಪ್ರತಿಶತ ತೋರಿಸುತ್ತಿದ್ದರೆ, ಅದು ಎಚ್‌ಡಿಡಿ ಎಂದಿದ್ದರೆ, ರೋಗ ಬಹುತೇಕ ಅಲ್ಲೇ ಇದೆ. ಬದಲಿಗೆ ಮೆಮೊರಿ ತುಂಬಿ ನಿಂತಿದ್ದರೆ ರ್‍ಯಾಮ್ ಕೂಡ ಹೆಚ್ಚಿಸಬೇಕು. ವಿಡಿಯೊ ಎಡಿಟಿಂಗ್ ಮಾಡುವವರು ಪ್ರೊಸೆಸರನ್ನೂ ನೋಡಬೇಕು, ಎಸ್‌ಎಸ್‌ಡಿ ಒಂದರಿಂದಲೇ ಎಲ್ಲ ಆಗದು. ಇನ್ನೊಂದು ಮಾತು: ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿದೆ. ತೀರ ಹಳೆಯ ಯಂತ್ರಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ಲಿನಕ್ಸ್‌ನಲ್ಲಿ ಯೂನಿಕೋಡ್ ಕನ್ನಡ ಚೆನ್ನಾಗಿಯೇ ಬರೆಯಬಹುದು, ಆದರೆ ಡೆಸ್ಕಿನವರು ಅದನ್ನು ಒಪ್ಪುತ್ತಾರೋ ಎಂದು ಮೊದಲು ಕೇಳಿ.

ನಾವು ಪತ್ರಕರ್ತರು ಮರೆಯಬಾರದ ವಿಷಯ ಒಂದಿದೆ. ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಅದರಲ್ಲಿ ಹೆಸರು ಹೇಳಬೇಡಿ ಎಂದು ಮಾಹಿತಿ ಕೊಟ್ಟವರ ಫೋನ್ ನಂಬರ್ ಇದೆ, ಅಚ್ಚಾಗದ ದೂರುಗಳಿವೆ. ಪೋಕ್ಸೊ ಪ್ರಕರಣದ ಕಾಗದ ಇದ್ದರಂತೂ, ಆ ಮಗುವಿನ ಗುರುತು ಹೊರಹೋಗದಂತೆ ನೋಡಿಕೊಳ್ಳಲು ಕಾನೂನೇ ಹೇಳುತ್ತದೆ. ಡಿಲೀಟ್ ಮಾಡಿದ ಮಾತ್ರಕ್ಕೆ ಅದು ಅಳಿಯುವುದಿಲ್ಲ. ಡಿಸ್ಕನ್ನು ಯುಎಸ್‌ಬಿ ಕೇಸಿಗೆ ಹಾಕಿಸಿ ಮನೆಯಲ್ಲಿಡಿ. ಹಳೆಯ ಫೋಟೊಗಳಿಗೆ ಅದೇ ಕಪಾಟು. ಎಸ್‌ಎಸ್‌ಡಿ ಕೆಟ್ಟರೆ ಎಷ್ಟೋ ಸಲ ಮುನ್ಸೂಚನೆ ಕೊಡದೆ ಕೆಡುತ್ತದೆ, ಹಾಗಾಗಿ ಬರೆದದ್ದರ ಇನ್ನೊಂದು ಪ್ರತಿ ಇರಲೇಬೇಕು.

ಇಷ್ಟು ಹೇಳಿದ ಮೇಲೆ ಒಂದು ತಕರಾರು. ಬೈಕು ನಮ್ಮದು, ಪೆಟ್ರೋಲು ನಮ್ಮದು, ಮೊಬೈಲು, ಡೇಟಾ, ಲ್ಯಾಪ್‌ಟಾಪ್ ಎಲ್ಲ ನಮ್ಮದು. ಸುದ್ದಿ ತಡವಾದರೆ ಬೈಗುಳವೂ ನಮಗೇ. ಪತ್ರಿಕೆಗಳು ಹೊಸ ಲ್ಯಾಪ್‌ಟಾಪ್ ಕೊಡಲಿ ಎಂದು ನಾನು ಕೇಳುತ್ತಿಲ್ಲ. ಒಂದು ಡಿಸ್ಕಿನ ಖರ್ಚನ್ನಾದರೂ ಭರಿಸಲಿ. ತಾಲ್ಲೂಕು ವರದಿಗಾರನ ಸುದ್ದಿ ಅರ್ಧ ಗಂಟೆ ಮುಂಚೆ ಬಂದರೆ ಲಾಭ ಅವರಿಗೂ ಇದೆ. ಪತ್ರಿಕೋದ್ಯಮದ ಪಾಠದಲ್ಲಿಯೂ ಇದು ಸೇರಲಿ. ನನ್ನ ಡಿಪ್ಲೊಮಾದಲ್ಲಿ ಶೀರ್ಷಿಕೆ ಬರೆಯುವುದು ಕಲಿಸಿದರು, ಬರೆಯುವ ಯಂತ್ರದ ಬಗ್ಗೆ ಒಂದು ತಾಸೂ ಹೇಳಲಿಲ್ಲ. ಈಗ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿರುವ ತಂಗಿಯರಿಗೂ ಇದೇ ಮಾತು: ಅಣ್ಣ ಬಳಸಿ ಬಿಟ್ಟ ಲ್ಯಾಪ್‌ಟಾಪ್ ಸಿಕ್ಕಿದ್ದರೆ ಗುಜರಿಗೆ ಹಾಕಬೇಡಿ, ಮೊದಲು ಬಿಚ್ಚಿಸಿ ನೋಡಿ.

ಡೋಣಿ ಮುಂದಿನ ಸಲ ಬಂದಾಗ ನನ್ನ ಸುದ್ದಿಗೆ ಪುಟದಲ್ಲಿ ಜಾಗ ಸಿಗುತ್ತದೋ ಇಲ್ಲವೋ, ಅದು ಡೆಸ್ಕಿಗೆ ಬಿಟ್ಟದ್ದು. ಹೊತ್ತಿಗೆ ಮುಟ್ಟಲಿಲ್ಲ ಎಂಬ ಮಾತು ಮಾತ್ರ ಇನ್ನು ಬರುವುದಿಲ್ಲ.