ಕಾರಿನ ಹೊಳಪಿಗೆ ಹಳ್ಳದ ಬಲಿ
ಬಣ್ಣ ಕೆಡದಿರಲೆಂದು ಕಾರನ್ನು ಹಳ್ಳಕ್ಕಿಳಿಸಿ ತೊಳೆಯುವುದು ಶುದ್ಧ ಅವಿವೇಕ. ಬಣ್ಣವನ್ನು ಕಾಯುವ ಮೇಲಿನ ಪಾರದರ್ಶಕ ಲೇಪ ಸಾಮಾನ್ಯವಾಗಿ 50 ಮೈಕ್ರಾನ್ ಆಸುಪಾಸು, ಕೂದಲೆಳೆಯಷ್ಟು ತೆಳು. ಹಳ್ಳದ ಮರಳು ಅದನ್ನು ಗೀರುತ್ತದೆ. ಬಟ್ಟೆ ಒಗೆಯುವ ಪುಡಿ ಮೇಣದ ಹೊದಿಕೆಯನ್ನೇ ಕಿತ್ತೊಯ್ಯುತ್ತದೆ. ಅದೇ ನೊರೆ ಮೀನಿನ ಕಿವಿರನ್ನು ಸುಡುತ್ತದೆ, ಎಣ್ಣೆಯೊಡನೆ ಕೆಳಗಿನ ಊರಿನ ಕೊಡ ಸೇರುತ್ತದೆ. ಬಣ್ಣದ ನಿಜವಾದ ಶತ್ರುಗಳು ಬಿಸಿಲು, ಹಕ್ಕಿಹಿಕ್ಕೆ, ಮರದ ಅಂಟು. ಅವಕ್ಕೆ ಮಾಡಿನ ನೆರಳು, ಎರಡು ಬಕೆಟ್ ನೀರು, ಮೆತ್ತನೆಯ ಬಟ್ಟೆ ಸಾಕು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದಕ್ಕೆ 5,000 ರೂಪಾಯಿ ದಂಡ ಗೊತ್ತುಪಡಿಸಿತು. ಘಟ್ಟ ಹತ್ತಿದೊಡನೆ ಪ್ರವಾಸಿಗರಿಗೆ ಅದು ಮರೆತುಹೋಗುತ್ತದೆ. (ನಮ್ಮೂರ ಜೀಪಿನವರೂ ಕಡಿಮೆಯೇನಲ್ಲ.) ಹಳ್ಳಕ್ಕಿಳಿಯುವ ಗಾಡಿದಾರಿಗೆ ಅಡ್ಡಲಾಗಿ ಎರಡು ಬಂಡೆ ಉರುಳಿಸಲು ಗ್ರಾಮಸಭೆ ಇನ್ನು ಯಾರ ಅಪ್ಪಣೆಗೆ ಕಾಯುತ್ತಿದೆ?