ಮೊಮ್ಮಗಳ ಕೊರಿಯನ್ ಹಾಡೂ ನಮ್ಮ ರಾಜ್ಯೋತ್ಸವವೂ



ವೈಟ್‌ಫೀಲ್ಡಿನ ವಸತಿ ಸಮುಚ್ಚಯವೊಂದರಲ್ಲಿ ನನ್ನ ಮಗನ ಮನೆಯಿದೆ. ಕಳೆದ ಅಕ್ಟೋಬರಿನಲ್ಲಿ ಅಲ್ಲಿ ನಡೆದ ರಾಜ್ಯೋತ್ಸವದ ಸಿದ್ಧತಾ ಸಭೆಗೆ, ನಿವೃತ್ತ ಮೇಷ್ಟರೆಂಬ ಗೌರವದಿಂದ, ನನ್ನನ್ನೂ ಕರೆದಿದ್ದರು. ಎಂಟನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ತನ್ನ ಗೆಳತಿಯರೊಡನೆ ಕೊರಿಯಾದ ಹಾಡೊಂದಕ್ಕೆ ನರ್ತಿಸುವುದಾಗಿ ಹೆಸರು ಕೊಟ್ಟಿದ್ದಳು. ಹಿರಿಯರೊಬ್ಬರು ಮೇಜು ಕುಟ್ಟಿ, "ಕನ್ನಡವನ್ನು ಕೊಲ್ಲುತ್ತಿರುವುದೇ ಈ ಕೊರಿಯಾದ ಕುಣಿತ" ಎಂದರು. ಚಪ್ಪಾಳೆ ಬಿತ್ತು; ನೃತ್ಯ ರದ್ದಾಯಿತು. ರದ್ದಾದುದಕ್ಕೆ ನನ್ನ ತಕರಾರಿಲ್ಲ. ಕನ್ನಡದ ಹಬ್ಬದಲ್ಲಿ ಕನ್ನಡದ ಹಾಡೇ ಇರಲಿ. ಅವರು ಕೊಟ್ಟ ಕಾರಣವನ್ನು ಮಾತ್ರ ನಾನು ಒಪ್ಪಲಾರೆ.

ಆ ಹಾಡಿನ ಹೆಸರು 'ಫಾರೆವರ್ ವನ್'. 'ಗರ್ಲ್ಸ್ ಜನರೇಷನ್' ಎಂಬ ಗಾಯಕಿಯರ ತಂಡ ಅಧಿಕೃತವಾಗಿ ರಂಗಪ್ರವೇಶ ಮಾಡಿದ್ದು 2007ರ ಆಗಸ್ಟ್ 5ರಂದು; ಅಂದರೆ ತಂಡವು ನನ್ನ ಮೊಮ್ಮಗಳಿಗಿಂತ ಹಿರಿಯದು. ಹದಿನೈದನೆಯ ವಾರ್ಷಿಕೋತ್ಸವಕ್ಕೆಂದು 2022ರ ಅದೇ ದಿನ ಈ ಹಾಡನ್ನು ಹೊರತಂದರು. ಅವರ ಮೊದಲ ಹಾಡಿನ ಕಥೆ ಇನ್ನೂ ಸ್ವಾರಸ್ಯಕರ. 2016ರಲ್ಲಿ ಸಿಯೋಲಿನ ಇಹ್ವಾ ಮಹಿಳಾ ವಿಶ್ವವಿದ್ಯಾಲಯದ ಪ್ರತಿಭಟನಾನಿರತ ವಿದ್ಯಾರ್ಥಿನಿಯರು ಪೊಲೀಸರ ಎದುರು ತೋಳಿಗೆ ತೋಳು ಹೆಣೆದು ಅದನ್ನೇ ಹಾಡಿದರು. 2024ರ ಡಿಸೆಂಬರಿನಲ್ಲಿ, ಸೈನಿಕ ಆಡಳಿತ ಘೋಷಿಸಿದ ಅಧ್ಯಕ್ಷರ ಪದಚ್ಯುತಿಗಾಗಿ ಬೀದಿಗಿಳಿದ ಜನರೂ ಅದನ್ನು ಹಾಡಿದರು. ಮಾರಾಟಕ್ಕೆಂದು ಕಟ್ಟಿದ ಹಾಡು ಜನರ ಹಾಡಾಯಿತು. ಇದನ್ನು ಯಾವ ಸರಕಾರವೂ ಆದೇಶಿಸಿರಲಿಲ್ಲ.

ಇಂತಹ ಭಾಗ್ಯ ನಮಗೆ ಇರಲಿಲ್ಲವೆ? ಇತ್ತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹುಯಿಲಗೋಳ ನಾರಾಯಣರಾಯರ 'ಉದಯವಾಗಲಿ' ಗೀತೆ ಮೊಳಗಿದಾಗ ಕರ್ನಾಟಕವೆಂಬ ರಾಜ್ಯವೇ ಇರಲಿಲ್ಲ. ಇಲ್ಲದ ನಾಡನ್ನು ಬೇಡಿ ಜನ ಹಾಡಿದರು. 1956ರಲ್ಲಿ ನಾಡು ಒಂದಾಯಿತು, 1973ರಲ್ಲಿ ಕರ್ನಾಟಕವೆಂಬ ಹೆಸರು ಬಂದಿತು. ಅನಂತರ ನಾವು ಮಾಡಿದ್ದೇನು? ಕುವೆಂಪು ಅವರ ಗೀತೆ 2004ರಲ್ಲಿ ನಾಡಗೀತೆಯಾಯಿತು. ಅದರ ಧಾಟಿ ಯಾರದಿರಬೇಕು, ಎಷ್ಟು ನಿಮಿಷ ಹಾಡಬೇಕು ಎಂದು ವರ್ಷಗಟ್ಟಲೆ ಜಗಳವಾಡಿದೆವು. 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ ಎಂದು ಆದೇಶ ಹೊರಟಿತು. ಹಾಡುವ ಮಗುವಿಗೆ ಅರ್ಥ ತಿಳಿದಿದೆಯೇ ಎಂದು ಮಾತ್ರ ಯಾರೂ ಕೇಳಲಿಲ್ಲ.

ತಪ್ಪನ್ನು ಅನ್ಯರ ಮೇಲೆ ಹೊರಿಸಿ ನಾನು ತಪ್ಪಿಸಿಕೊಳ್ಳಲಾರೆ. ಮೂವತ್ತು ವರ್ಷಕ್ಕೂ ಮಿಗಿಲಾಗಿ ಪ್ರತಿ ನವೆಂಬರಿನಲ್ಲಿ ನಾನೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬೆತ್ತ ಹಿಡಿದು, ನಾಡಿನ ಹಾಡುಗಳನ್ನು ಒಪ್ಪಿಸಿಕೊಂಡವನೇ. ಷಡಕ್ಷರಿ ಯಾರು, ಜನ್ನ ಬರೆದದ್ದೇನು ಎಂದು ಬಿಡಿಸಿ ಹೇಳಲು ಒಂದು ಪಿರಿಯಡ್ಡನ್ನಾದರೂ ಮೀಸಲಿಟ್ಟ ನೆನಪಿಲ್ಲ. ಮಕ್ಕಳು ತುಟಿ ಆಡಿಸಿದರು. ನಾನು ಶಿಸ್ತು ನೋಡಿ ತೃಪ್ತನಾದೆ.

ಮೊಮ್ಮಗಳನ್ನು ನೋಡಿ. ಯಾರ ಬೆತ್ತವೂ ಇಲ್ಲದೆ ಕೊರಿಯಾದ ಲಿಪಿ ಕಲಿತಿದ್ದಾಳೆ. 1446ರಲ್ಲಿ ದೊರೆ ಸೆಜೋಂಗ್ ಆ ಲಿಪಿಯನ್ನು ಜನರಿಗೆ ಕೊಟ್ಟನೆಂದು ನನಗೇ ಪಾಠ ಹೇಳಿದಳು. ಹಾಡಿನ ಸಾಲು, ಉಚ್ಚಾರ, ಅರ್ಥ ಮೂರನ್ನೂ ಯಾರೋ ಒಟ್ಟಿಗೆ ಅವಳ ಕೈಗಿಟ್ಟಿದ್ದರು, ಆದ್ದರಿಂದ ಕಲಿತಳು. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ದಾರಿಯಿಂದ ಸ್ವಲ್ಪವೇ ಒಳಗೆ ಬೇಗೂರಿದೆ. ಅಲ್ಲಿನ ಸುಮಾರು 890ರ ವೀರಗಲ್ಲಿನಲ್ಲಿ ಬೆಂಗಳೂರಿನ ಹೆಸರು ಕನ್ನಡ ಅಕ್ಷರಗಳಲ್ಲಿ ಕೆತ್ತಿದೆ. ಅದನ್ನು ಅವಳಿಗೆ ತೋರಿಸಬೇಕಾದವರು ಯಾರು? ಕೊರಿಯಾದವರೋ, ನಾವೋ?

ಪೀಣ್ಯದ ಕಡೆಯ ನವೆಂಬರನ್ನೂ ನಾನು ಕಂಡಿದ್ದೇನೆ. ಆಟೋ ನಿಲ್ದಾಣದಲ್ಲಿ ಕೆಂಪು-ಹಳದಿ ಬಾವುಟ, ಭುವನೇಶ್ವರಿಯ ಪಟ, ಸಂಜೆ ಆರ್ಕೆಸ್ಟ್ರಾ. ಪಾಳಿ ಮುಗಿಸಿ ಬಂದ ಹೊರರಾಜ್ಯದ ಕಾರ್ಮಿಕರು ರಾಜ್‌ಕುಮಾರರ ಹಾಡಿಗೆ ದನಿಗೂಡಿಸುತ್ತಿದ್ದರು. ಅವರಿಗೆ ಕನ್ನಡ ಬಂದದ್ದು ಜೊತೆಯಲ್ಲಿ ದುಡಿಯುವವರ ಬಾಯಿಂದ. ಇತ್ತ ಗಾಜಿನ ಕಟ್ಟಡಗಳ ಬಡಾವಣೆಯಲ್ಲಿ ನಾವು ವರ್ಷಕ್ಕೊಂದು ದಿನ ಪಂಚೆಯುಟ್ಟು, ಫೋಟೊ ತೆಗೆಸಿಕೊಂಡು, ಮಕ್ಕಳೊಡನೆ ಇಂಗ್ಲಿಷಿನಲ್ಲೇ ಮಾತನಾಡುತ್ತಾ ಮನೆಗೆ ಮರಳುತ್ತೇವೆ. ಮೇಜು ಕುಟ್ಟಿದ ಆ ಹಿರಿಯರೂ ಸಭೆ ಮುಗಿದೊಡನೆ ತಮ್ಮ ಮೊಮ್ಮಗನನ್ನು ಕರೆದದ್ದು ಇಂಗ್ಲಿಷಿನಲ್ಲಿಯೇ.

ಈ ವರ್ಷ ನಾನು ಜೂನ್ ತಿಂಗಳಿನಿಂದಲೇ ಪ್ರತಿ ಭಾನುವಾರ ಒಂದು ಗಂಟೆ ಅಲ್ಲಿ ಮಕ್ಕಳೊಡನೆ ಕೂರಲು ನಿಶ್ಚಯಿಸಿದ್ದೇನೆ. ಒಂದೊಂದು ಹಾಡನ್ನೂ ಕನ್ನಡ ಲಿಪಿಯಲ್ಲಿ, ಓದಲು ಬಾರದವರಿಗೆ ಇಂಗ್ಲಿಷ್ ಅಕ್ಷರಗಳಲ್ಲಿ, ಅರ್ಥಸಹಿತ ಅಚ್ಚು ಹಾಕಿಸಿ ಕೊಡುತ್ತೇನೆ. ಒಪ್ಪಿಸುವ ಕಟ್ಟಳೆ ಇರುವುದಿಲ್ಲ, ಬೆತ್ತವಂತೂ ಇಲ್ಲವೇ ಇಲ್ಲ. ಮೊದಲ ವಿದ್ಯಾರ್ಥಿನಿಯಾಗಿ ಮೊಮ್ಮಗಳು ಹೆಸರು ಕೊಟ್ಟಿದ್ದಾಳೆ, ಒಂದು ಷರತ್ತಿನೊಡನೆ: ತಾತನೂ ಹಂಗುಲ್ ಲಿಪಿ ಕಲಿಯಬೇಕು. ಒಪ್ಪಿದ್ದೇನೆ. ಚಪ್ಪಾಳೆ ತಟ್ಟಿದವರಲ್ಲಿ ಎಷ್ಟು ಮಂದಿ ತಮ್ಮ ಮಕ್ಕಳನ್ನು ಕಳುಹಿಸುತ್ತಾರೋ ನೋಡೋಣ.