ಬೆರಳು ಜೋಮು ಹಿಡಿದಾಗಲೇ ಬಾಯಿಬಿಡಿ

ಸ್ತನ ಕ್ಯಾನ್ಸರ್‌ಗೆ ಕೀಮೋ ತೆಗೆದುಕೊಳ್ಳುತ್ತಿರುವ ಹೆಣ್ಣುಮಗಳೊಬ್ಬಳು ಬೆಳಿಗ್ಗೆ ರವಿಕೆಯ ಹುಕ್ಕು ಹಾಕಿಕೊಳ್ಳಲು ಹೋಗುತ್ತಾಳೆ. ಹುಕ್ಕು ಬೆರಳಿಗೆ ಸಿಕ್ಕಿತೋ ಇಲ್ಲವೋ ತಿಳಿಯುವುದಿಲ್ಲ. ಅಂಗಳಕ್ಕಿಳಿದು ರಂಗೋಲಿ ಪುಡಿ ಹಿಡಿದರೆ ಬೆರಳ ಸಂದಿಯಲ್ಲಿ ಪುಡಿ ಎಷ್ಟಿದೆ ಎಂಬ ಅಂದಾಜು ತಪ್ಪುತ್ತದೆ. ಎಳೆ ಒಂದು ಕಡೆ ದಪ್ಪವಾಗಿ, ಇನ್ನೊಂದು ಕಡೆ ಕಡಿದುಹೋಗುತ್ತದೆ. ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರು ‘ಹೇಗಿದ್ದೀರಮ್ಮಾ?’ ಎಂದರೆ ‘ಚೆನ್ನಾಗಿದ್ದೀನಿ ಸಾರ್’ ಎನ್ನುತ್ತಾಳೆ. ವಾಂತಿಯಿಲ್ಲ, ಜ್ವರವಿಲ್ಲ, ಬೆರಳ ಜೋಮನ್ನೇನು ಹೇಳುವುದು ಎಂಬ ಸಂಕೋಚ ಒಂದು ಕಡೆ. ಹೇಳಿದರೆ ಔಷಧವನ್ನೇ ನಿಲ್ಲಿಸಿಬಿಟ್ಟಾರು ಎಂಬ ಭಯ ಇನ್ನೊಂದು ಕಡೆ. ಈ ಮೌನದ ಬಗ್ಗೆಯೇ ನಾವು ಎಚ್ಚರಿಸಬೇಕಾಗಿದೆ.

ಸ್ತನ ಕ್ಯಾನ್ಸರ್‌ಗೆ ಹೆಚ್ಚಾಗಿ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್, ಡೊಸಿಟ್ಯಾಕ್ಸೆಲ್ ಔಷಧಗಳು ಜೀವಕೋಶದೊಳಗಿನ ಸೂಕ್ಷ್ಮ ನಳಿಗೆಗಳನ್ನು ಬಿಗಿಹಿಡಿಯುತ್ತವೆ. ಕ್ಯಾನ್ಸರ್ ಕೋಶ ಒಡೆದು ಬೆಳೆಯಲಾರದೆ ಸಾಯುತ್ತದೆ. ಆದರೆ ನರದ ಎಳೆಗಳಿಗೂ ಅವೇ ನಳಿಗೆಗಳು ಬೇಕು. ತುದಿಯವರೆಗೆ ಪೋಷಣೆ ಸಾಗುವುದು ಅವುಗಳ ಮೂಲಕವೇ. ಆ ದಾರಿ ಕಟ್ಟಿದರೆ ಮೊದಲು ಸೊರಗುವುದು ಅತಿ ಉದ್ದದ ನರಗಳ ತುದಿ, ಅಂದರೆ ಕಾಲ್ಬೆರಳು. ಆಮೇಲೆ ಕೈಬೆರಳು. ನರಕ್ಕೆ ಹಾನಿ ಮಾಡುವ ಬಗೆಬಗೆಯ ಕೀಮೋ ಪಡೆದವರ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಚಿಕಿತ್ಸೆ ಮುಗಿದ ಮೊದಲ ತಿಂಗಳಲ್ಲಿ ಶೇ 68ರಷ್ಟು ಮಂದಿಗೆ ಈ ತೊಂದರೆ ಇತ್ತು. ಆರು ತಿಂಗಳು ಕಳೆದ ಮೇಲೂ ಶೇ 30ರಷ್ಟು ಮಂದಿಯಲ್ಲಿ ಉಳಿದಿತ್ತು.

ಇದನ್ನು ತಡೆಯುವುದು ಸಾಬೀತಾದ ಒಂದೇ ಒಂದು ಮಾತ್ರೆಯೂ ಇಲ್ಲ ಎಂದು ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘದ 2020ರ ಮಾರ್ಗಸೂಚಿ ಹೇಳುತ್ತದೆ. ಉರಿ, ನೋವು ಶುರುವಾದ ಮೇಲೆ ಕೊಡಬಹುದೆಂದು ಅದು ಹೆಸರಿಸುವುದು ಡುಲಾಕ್ಸೆಟಿನ್ ಒಂದನ್ನೇ. ಹಾಗಾಗಿ ಔಷಧವಿಲ್ಲದ ದಾರಿಗಳತ್ತ ಕಣ್ಣು ಹಾಯಿಸಲೇಬೇಕು, ಅದೂ ಮೊದಲ ಡ್ರಿಪ್ ಹಾಕುವ ದಿನವೇ.

ಜಪಾನಿನ ಕ್ಯೋಟೊದಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಪಡೆಯುತ್ತಿದ್ದ ಮಹಿಳೆಯರ ಒಂದು ಕೈಕಾಲಿಗೆ ಮಾತ್ರ ಹಿಮದಷ್ಟು ತಣ್ಣಗಿನ ಗವಸು ತೊಡಿಸಿದರು. ಔಷಧ ಏರುವ 15 ನಿಮಿಷ ಮೊದಲಿನಿಂದ ಮುಗಿದ 15 ನಿಮಿಷದವರೆಗೆ. ತಣ್ಣಗಿಟ್ಟ ಕೈಯಲ್ಲಿ ಸ್ಪರ್ಶ ಕುಗ್ಗಿದ್ದು ಶೇ 28ರಷ್ಟು ಮಂದಿಗೆ, ಹಾಗೇ ಬಿಟ್ಟ ಕೈಯಲ್ಲಿ ಶೇ 81ರಷ್ಟು ಮಂದಿಗೆ. ಚಳಿಗೆ ರಕ್ತನಾಳ ಕಿರಿದಾಗಿ, ಬೆರಳಿಗೆ ಸೇರುವ ಔಷಧ ಕಡಿಮೆಯಾಗುತ್ತದೆ ಎಂಬುದು ಇದರ ಹಿಂದಿನ ತರ್ಕ. ಜರ್ಮನಿಯ ಪ್ರಯೋಗವೊಂದು ಒಂದು ಅಳತೆ ಚಿಕ್ಕದಾದ ಸರ್ಜಿಕಲ್ ಗ್ಲೌಸ್ ಬಿಗಿಯಾಗಿ ತೊಡಿಸಿದರೂ ಪ್ರಯೋಜನವುಂಟು ಎಂದು 2025ರಲ್ಲಿ ತೋರಿಸಿತು. ಗ್ಲೌಸ್ ಯಾವ ಆಸ್ಪತ್ರೆಯಲ್ಲಿ ಇಲ್ಲ?

ಇವು ಚಿಕ್ಕ ಪ್ರಯೋಗಗಳು. 2020ರ ಮಾರ್ಗಸೂಚಿ ತಂಪು, ಬಿಗಿತ, ವ್ಯಾಯಾಮಗಳನ್ನು ಎಲ್ಲರಿಗೂ ಕಡ್ಡಾಯವಾಗಿ ಶಿಫಾರಸು ಮಾಡುವಷ್ಟು ಪುರಾವೆ ಸಾಲದು ಎಂದಿತ್ತು. ಬರಿ ಐಸನ್ನು ಚರ್ಮಕ್ಕೆ ಒತ್ತಿದರೆ ಚರ್ಮ ಸುಟ್ಟಂತಾಗುತ್ತದೆ. ಚಳಿಗೆ ಬೆರಳು ಬಿಳುಚಿಕೊಳ್ಳುವವರಿಗೆ ಈ ವಿಧಾನ ಹೊಂದುವುದಿಲ್ಲ. ಆದ್ದರಿಂದ ಡಾಕ್ಟರನ್ನು ಕೇಳಿಯೇ ಮಾಡಬೇಕು. ಆದರೆ ಕೇಳುವುದಕ್ಕೆ ತಡಮಾಡಬಾರದು.

ವ್ಯಾಯಾಮಕ್ಕೂ ಇದೇ ಮಾತು. ಕೀಮೋ ಪಡೆಯುತ್ತಿದ್ದ 355 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನದಲ್ಲಿ ಆರು ವಾರ ಮನೆಯಲ್ಲೇ ನಡಿಗೆ ಮತ್ತು ರಬ್ಬರ್ ಬ್ಯಾಂಡ್ ಎಳೆಯುವ ಕಸರತ್ತು ಮಾಡಿದವರಿಗೆ ಕೈಕಾಲು ಕಾದಂತೆ, ತಣ್ಣಗಾದಂತೆ ಅನಿಸುವ ಕಾಟ ತಗ್ಗಿತು. ಗೋಡೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವ ಅಭ್ಯಾಸ ಮುಗ್ಗರಿಸದಂತೆ ಕಾಯುತ್ತದೆ. ಫಿಸಿಯೋಥೆರಪಿಸ್ಟರ ಬಳಿ ಕಳಿಸಬೇಕಾದದ್ದು ಬಿದ್ದು ಮೂಳೆ ಮುರಿದ ಮೇಲಲ್ಲ.

ಮನೆಯವರಿಗೂ ಒಂದು ಮಾತು. ಕಾಲಿಂದ ಚಪ್ಪಲಿ ಜಾರಿದ್ದೇ ಗೊತ್ತಾಗದವಳಿಗೆ ಮುಳ್ಳು ಚುಚ್ಚಿದ್ದೂ ಗೊತ್ತಾಗದು. ಬರಿಗಾಲಲ್ಲಿ ಓಡಾಡಲು ಬಿಡಬೇಡಿ, ರಾತ್ರಿ ಅಂಗಾಲು ನೋಡಿ, ಸ್ನಾನದ ನೀರಿನ ಬಿಸಿಯನ್ನು ಬೇರೆಯವರೇ ಪರೀಕ್ಷಿಸಿ, ಬಾಣಲೆ ಇಳಿಸುವ ಕೆಲಸ ಕೆಲಕಾಲ ತಪ್ಪಿಸಿ. ‘ನರಕ್ಕೆ ಒಳ್ಳೆಯದು’ ಎಂದು ಯಾರೋ ಹೇಳಿದ ಮಾತ್ರೆಯನ್ನು ಮಾತ್ರ ತಂದುಕೊಡಬೇಡಿ. ಅಸಿಟೈಲ್ ಕಾರ್ನಿಟಿನ್ ಎಂಬ ಪೂರಕವನ್ನು ಸ್ತನ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದಾಗ ನರದ ತೊಂದರೆ ಹೆಚ್ಚೇ ಆಯಿತು. ಸಕ್ಕರೆ ಕಾಯಿಲೆ ಇದ್ದರೆ, ಬಿ12 ಕೊರತೆ ಇದ್ದರೆ ಅದನ್ನು ಡಾಕ್ಟರಿಗೆ ಮೊದಲೇ ತಿಳಿಸಿ.

ಜೋಮು ಬೆಳೆಯುತ್ತಿದ್ದರೆ ವೈದ್ಯರು ಔಷಧದ ಪ್ರಮಾಣ ಇಳಿಸಬಹುದು, ಒಂದು ವಾರ ಮುಂದೂಡಬಹುದು, ಬೇರೆ ಔಷಧಕ್ಕೆ ಬದಲಿಸಬಹುದು. ಇದು ಚಿಕಿತ್ಸೆ ಕೈಬಿಟ್ಟಂತಲ್ಲ, ಚಿಕಿತ್ಸೆಯದೇ ಒಂದು ಭಾಗ. ಆದರೆ ರೋಗಿ ಹೇಳದೆ ಅವರಿಗೆ ತಿಳಿಯುವ ಬಗೆಯಿಲ್ಲ. ರಕ್ತಪರೀಕ್ಷೆಯ ಚೀಟಿಯಲ್ಲಿ ಜೋಮು ಕಾಣುವುದಿಲ್ಲ.

ಹಾಗೆಂದು ಹೇಳುವ ಭಾರವನ್ನೆಲ್ಲ ಆಕೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಕೀಮೋ ಕೊಡುವ ಪ್ರತಿ ವಾರ್ಡಿನಲ್ಲೂ ಡ್ರಿಪ್ ಏರಿಸುವ ಮುನ್ನ ನರ್ಸ್ ಮೂರು ಪ್ರಶ್ನೆ ಕೇಳಿ ಬರೆದಿಡಲಿ: ಹುಕ್ಕು ಹಾಕಿಕೊಳ್ಳಲು ಆಗುತ್ತಿದೆಯೇ? ಚಪ್ಪಲಿ ಜಾರುತ್ತಿದೆಯೇ? ಕಳೆದ ಸಲಕ್ಕಿಂತ ಜೋಮು ಹೆಚ್ಚಿದೆಯೇ? ಇಷ್ಟಕ್ಕೆ ಯಂತ್ರ ಬೇಡ, ಅನುದಾನ ಬೇಡ. ಎರಡು ನಿಮಿಷ ಸಾಕು.